ಮೂಗುಮಾತಿನ ಶಸ್ತ್ರಚಿಕಿತ್ಸೆಯೂ ಅನಂತರದ ನುಡಿಯ ಸಾಧನೆಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ದಕ್ಷಿಣ ಬೆಂಗಳೂರಿನ ಭಕ್ತಸಮೂಹದ ಸಮ್ಮುಖದಲ್ಲಿ ನಡೆದ ಉಪನ್ಯಾಸದ ಪಾಠ)

ಓಂ ಶ್ರೀಗುರು ಬಸವಲಿಂಗಾಯ ನಮಃ



ಶರಣಧರ್ಮದಲ್ಲಿ ನುಡಿಗೆ ಸಲ್ಲುವ ಸ್ಥಾನವು ಎಷ್ಟು ದೊಡ್ಡದೆಂಬುದು ಸಭಿಕರೆಲ್ಲರಿಗೂ ವಿದಿತವಾದುದೇ ಸರಿ. ಹನ್ನೆರಡನೆಯ ಶತಮಾನದ ಶರಣರು ಲೋಕಕ್ಕೆ ಬಿಟ್ಟುಹೋದ ವಾಙ್ಮಯಕ್ಕೆ 'ವಚನ'ವೆಂದೇ ಹೆಸರು. ವಚನವೆಂದರೆ ಆಡಿದ ಮಾತು. ದೀಕ್ಷಾಕಾಲದಲ್ಲಿ ಗುರುವು ಶಿಷ್ಯನ ಕಿವಿಯಲ್ಲಿ ಉಪದೇಶಿಸುವ ಮಂತ್ರವೂ ಮಾತಿನ ರೂಪದ್ದೇ. ಗಂಡಾಗಲಿ ಹೆಣ್ಣಾಗಲಿ, ಉಪದೇಶವನ್ನು ಪಡೆದ ಮಗುವು ಅದನ್ನು ತನ್ನ ಬಾಯಿಂದ ಹೇಳಿದಾಗ ತಂದೆತಾಯಿಗಳಿಗೆ ಆಗುವ ಆನಂದವು ವರ್ಣನಾತೀತವಾದುದು. ಹೀಗಿರುವಲ್ಲಿ, ಹೇಳಬೇಕೆಂಬ ಆಸೆಯಿದ್ದೂ ಮಾತು ಮೂಗಿನಿಂದ ಸೋರಿಹೋಗುವ ಮಕ್ಕಳ ವಿಷಯವನ್ನು ಭಕ್ತಮಂಡಲಿಯು ವಿಚಾರ ಮಾಡುವುದು ಧರ್ಮಕಾರ್ಯವೇ ಆಗಿರುವುದು.

ಪಂಚಾಕ್ಷರಿಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ನ, ಮ, ಶಿ, ವಾ, ಯ ಎಂಬ ಐದಕ್ಷರಗಳಲ್ಲಿ ಮೊದಲಿನವೆರಡೂ ಅನುನಾಸಿಕಗಳು. ಮೂಗುಮಾತಿನ ಮಗುವು ಇವೆರಡನ್ನೂ ಹೆಚ್ಚುಕಡಿಮೆ ಎಲ್ಲರಂತೆಯೇ ಉಚ್ಚರಿಸುವುದು. ಮೂರನೆಯದಾದ 'ಶಿ' ಎಂಬಲ್ಲಿಗೆ ಬಂದೊಡನೆ ತೊಡಕು ಮೊದಲಾಗುವುದು. ಶಕಾರಕ್ಕೆ ಬಾಯೊಳಗೆ ಉಸಿರಿನ ಒತ್ತಡವು ಬೇಕು; ಆ ಉಸಿರು ಮೂಗಿನ ಹಾದಿಯಿಂದ ಹೊರಟುಹೋಗುವುದು. ಅದರ ಮೇಲಿನ ಇಕಾರವೋ, ಸ್ವರಗಳಲ್ಲಿ ಮೂಗಿನ ದನಿಯು ಬಹು ಬೇಗನೆ ಸೇರಿಕೊಳ್ಳುವ ಸ್ವರ. ಆದಕಾರಣ ಇಡೀ ಮಂತ್ರದಲ್ಲಿ ಶಿವನ ಹೆಸರಿನ ಮೊದಲಕ್ಷರವೇ ಆ ಮಗುವಿಗೆ ಅತ್ಯಂತ ಕಠಿನವಾಗಿ ಪರಿಣಮಿಸುವುದು. ಇಂತಹ ಮಗುವಿಗೆ ಶಸ್ತ್ರಚಿಕಿತ್ಸೆಯಾದ ಬಳಿಕ ಮಾತು ನೆಟ್ಟಗಾಗುವುದೇ, ಆಗುವುದಾದರೆ ಎಷ್ಟರಮಟ್ಟಿಗೆ, ಏತರಿಂದ — ಎಂಬುದೇ ಈ ಉಪನ್ಯಾಸದ ವಿಷಯ.

ಮೊದಲು ಮಾತಿನ ಯಂತ್ರವನ್ನು ತಿಳಿಯುವುದು ಅವಶ್ಯ. ಬಾಯ ಮೇಲ್ಛಾವಣಿಗೆ ಅಂಗುಳವೆಂದು ಹೆಸರು. ಅದರ ಮುಂಭಾಗವು ಎಲುಬಿನಿಂದ ಗಟ್ಟಿಯಾಗಿಯೂ, ಹಿಂಭಾಗವು ಮಾಂಸಖಂಡಗಳಿಂದ ಮೆತ್ತಗೆಯೂ ಇರುವುದು. ಮೆತ್ತನೆಯ ಅಂಗುಳದ ತುದಿಯಲ್ಲಿ ಕಿರುನಾಲಗೆಯು ಜೋಲುವುದು. ಉಸಿರಾಡುವಾಗ ಈ ಮೆತ್ತನೆಯ ಅಂಗುಳವು ಕೆಳಗಿಳಿದು ಮೂಗಿಗೂ ಗಂಟಲಿಗೂ ನಡುವಣ ದಾರಿಯನ್ನು ತೆರೆದಿಡುವುದು. ಮಾತನಾಡುವಾಗ ಅದು ಮೇಲಕ್ಕೆದ್ದು ಹಿಂದಕ್ಕೆ ಸರಿದು ಗಂಟಲ ಹಿಂಗೋಡೆಯನ್ನು ತಾಗುವುದು. ಪಕ್ಕದ ಗೋಡೆಗಳೂ ಒಳಕ್ಕೆ ಸರಿದು ಆ ದಾರಿಯನ್ನು ಮುಚ್ಚುವುವು. ಙ, ಞ, ಣ, ನ, ಮ ಎಂಬ ಅನುನಾಸಿಕಗಳಿಗೆ ಮಾತ್ರ ಬಾಗಿಲು ತೆರೆದಿರಬೇಕು. ಉಳಿದ ವ್ಯಂಜನಗಳಿಗೆ ಮುಚ್ಚಿರಬೇಕು. ಒಂದು ವಾಕ್ಯವನ್ನು ಆಡಿ ಮುಗಿಸುವುದರೊಳಗಾಗಿ ಈ ಬಾಗಿಲು ಎಷ್ಟೋ ಸಲ ತೆರೆದು ಮುಚ್ಚುವುದಾದರೂ ಆಡುವವನಿಗೆ ಅದರ ಅರಿವೇ ಇರದು.

ಅನುನಾಸಿಕವೆಂಬುದು ಬಾಯಿ ಮೂಗುಗಳೆರಡನ್ನೂ ಕೂಡಿಸಿಕೊಂಡು ಹುಟ್ಟುವ ಧ್ವನಿಯೆಂಬುದನ್ನು ಪಾಣಿನಿಯು ಗುರುತಿಸಿದ್ದನು. ಹದಿಮೂರನೆಯ ಶತಮಾನದಲ್ಲಿ ಕನ್ನಡದ ವೈಯಾಕರಣನಾದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಧ್ವನಿಯ ಹುಟ್ಟನ್ನು ವಿವರಿಸುತ್ತ ದೇಹವನ್ನು ಒಂದು ವಾದ್ಯಕ್ಕೆ ಹೋಲಿಸಿರುವನು. ಆ ಹೋಲಿಕೆಯು ಇಲ್ಲಿ ಬಹಳ ಉಪಯುಕ್ತವಾದುದು. ಕೊಳಲಿನಲ್ಲಿ ಬೆರಳಿನಿಂದ ಮುಚ್ಚಬೇಕಾದ ರಂಧ್ರವು ಮುಚ್ಚದೆ ಉಳಿದರೆ ನುಡಿಸುವವನು ಎಷ್ಟೇ ಉಸಿರು ಊದಿದರೂ ಬೇಕಾದ ಸ್ವರವು ಹೊರಡುವುದಿಲ್ಲ. ಅಂತೆಯೇ ಅಂಗುಳದ ಬಾಗಿಲು ಮುಚ್ಚದಿದ್ದರೆ 'ಅಪ್ಪ' ಎಂಬುದು 'ಅಮ್ಮ'ದಂತೆಯೂ, 'ಬಸವ' ಎಂಬುದು 'ಮಸವ'ದಂತೆಯೂ ಕೇಳಿಸುವುದು. ತಂದೆಯನ್ನು ಕರೆದ ಮಗುವಿಗೆ ತಾಯಿಯು ಓಗೊಡುವಳು. ಇದನ್ನು ಕಂಡು ನಗುವವರು ಉಂಟು. ಆ ನಗೆಯಿಂದ ಕೂಸು ಬಾಯಿ ಕಟ್ಟಿಕೊಳ್ಳುವುದೂ ಉಂಟು. ಮೂಗಿನಲ್ಲಿ ಮಾತನಾಡುವ ಮಗುವನ್ನು ಜನರ ನಗೆಯು ಮೂಗನನ್ನಾಗಿ ಮಾಡಿಬಿಡುವುದು. ಆ ಮಗುವಿನ ಬುದ್ಧಿಗೆ ಈ ದೋಷದಿಂದ ಯಾವ ಕುಂದೂ ಇರುವುದಿಲ್ಲವೆಂಬುದನ್ನು ಎಲ್ಲರೂ ಮನದಟ್ಟು ಮಾಡಿಕೊಳ್ಳತಕ್ಕದ್ದು.

ಬಾಗಿಲು ಮುಚ್ಚದಿರುವುದಕ್ಕೆ ಕಾರಣಗಳು ಹಲವು. ಮುಖ್ಯವಾದುದು ಹುಟ್ಟಿನಿಂದ ಬಂದ ಸೀಳು ಅಂಗುಳ. ಪ್ರಪಂಚದಲ್ಲಿ ಸುಮಾರು ೭೦೦ ಶಿಶುಗಳಿಗೆ ಒಂದರಂತೆ ಸೀಳುತುಟಿಯಾಗಲಿ, ಸೀಳು ಅಂಗುಳವಾಗಲಿ, ಎರಡೂ ಆಗಲಿ ಇರುವುದೆಂದು ಲೆಕ್ಕ ಹಾಕಲಾಗಿದೆ. ಕೆಲವರಲ್ಲಿ ಮೇಲಿನ ತೊಗಲು ಕೂಡಿಕೊಂಡಿದ್ದು ಒಳಗಿನ ಮಾಂಸಖಂಡಗಳು ಮಾತ್ರ ಸೀಳಿರುವುವು. ಕಿರುನಾಲಗೆಯು ಎರಡಾಗಿ ಒಡೆದಿರುವುದು ಇದರ ಒಂದು ಕುರುಹು. ಇಂತಹವರಿಗೆ ಗಂಟಲ ಮೇಲ್ಭಾಗದ ಅಡೆನಾಯ್ಡ್ ಗ್ರಂಥಿಯನ್ನು ತೆಗೆದ ಬಳಿಕ ಮೂಗುಮಾತು ಹಠಾತ್ತಾಗಿ ಪ್ರಕಟವಾಗಬಹುದು; ಏಕೆಂದರೆ ಕುಗ್ಗಿದ ಅಂಗುಳಕ್ಕೆ ಆ ಗ್ರಂಥಿಯೇ ಒತ್ತಾಗಿ ನಿಂತಿತ್ತು. ಆದುದರಿಂದ ಆ ಗ್ರಂಥಿಯನ್ನು ತೆಗೆಯಿಸುವ ಮೊದಲು ಅಂಗುಳವನ್ನು ಪರೀಕ್ಷೆ ಮಾಡಿಸುವುದು ವಿವೇಕ. ನರಗಳ ದೌರ್ಬಲ್ಯದಿಂದ ಅಂಗುಳವು ಏಳದಿರುವುದೂ ಉಂಟು.

ಗರ್ಭಿಣಿಯು ಗ್ರಹಣಕಾಲದಲ್ಲಿ ಕತ್ತಿ ಹಿಡಿದು ತರಕಾರಿ ಹೆಚ್ಚಿದ್ದರಿಂದ ಕೂಸಿನ ತುಟಿ ಸೀಳಿತೆಂಬ ಮಾತು ಇಂದಿಗೂ ಅನೇಕರ ಬಾಯಲ್ಲಿರುವುದು. ಇದಕ್ಕೆ ಯಾವ ಆಧಾರವೂ ಇಲ್ಲ. ಗರ್ಭದ ಮೊದಲ ಮೂರು ತಿಂಗಳೊಳಗೆ ಮುಖದ ಎಡಬಲ ಭಾಗಗಳು ಬೆಳೆದು ನಡುವೆ ಬೆಸೆದುಕೊಳ್ಳಬೇಕು; ವಂಶಗತವಾದ ಮತ್ತು ಪರಿಸರದ ಹಲವು ಕಾರಣಗಳು ಕೂಡಿ ಆ ಬೆಸುಗೆಗೆ ಭಂಗ ಬಂದಾಗ ಸೀಳು ಉಳಿಯುವುದು. ಶಕುನ ಸೂತಕಾದಿಗಳನ್ನು ಶರಣರು ತಳ್ಳಿಹಾಕಿ ಶತಮಾನಗಳು ಎಂಟು ಸಂದ ಮೇಲೆಯೂ ಅವರ ಅನುಯಾಯಿಗಳು ತಾಯಿಯೊಬ್ಬಳ ತಲೆಯ ಮೇಲೆ ಗ್ರಹಣದ ಪಾಪವನ್ನು ಹೊರಿಸುವುದು ಉಚಿತವಲ್ಲ.

ಇನ್ನು ಶಸ್ತ್ರಚಿಕಿತ್ಸೆಯ ವಿಷಯ. ೧೮೧೯ರಲ್ಲಿ ಪ್ಯಾರಿಸ್ ನಗರದಲ್ಲಿ ಫಿಲಿಬರ್ಟ್ ರೂ ಎಂಬ ಶಸ್ತ್ರವೈದ್ಯನು ಜಾನ್ ಸ್ಟೀಫನ್‌ಸನ್ ಎಂಬ ವೈದ್ಯವಿದ್ಯಾರ್ಥಿಯ ಸೀಳು ಅಂಗುಳವನ್ನು ಹೊಲಿದು ಕೂಡಿಸಿದನು. ಕೆನಡಾ ದೇಶದವನಾದ ಆ ವಿದ್ಯಾರ್ಥಿಯು ಮರುವರ್ಷವೇ ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ತನ್ನ ಅಂಗುಳದ ಶಸ್ತ್ರಕ್ರಿಯೆಯನ್ನು ಕುರಿತೇ ಲ್ಯಾಟಿನ್ ಭಾಷೆಯಲ್ಲಿ ಪ್ರಬಂಧವನ್ನು ಒಪ್ಪಿಸಿದನು. ಮುಂದೆ ಮಾಂಟ್ರಿಯಲ್ ನಗರದಲ್ಲಿ ವೈದ್ಯವಿದ್ಯಾಲಯದ ಸ್ಥಾಪಕರಲ್ಲೊಬ್ಬನಾಗಿ ಅಲ್ಲಿಯೇ ಉಪಾಧ್ಯಾಯನಾದನು. ಮಾತು ಅಸ್ಪಷ್ಟವಾಗಿದ್ದವನು ಮಾತಿನಿಂದಲೇ ಬದುಕುವ ವೃತ್ತಿಯನ್ನು ಹಿಡಿದನು. ಆದರೆ ದೊಡ್ಡವರಾದ ಮೇಲೆ ಅಂಗುಳವನ್ನು ಹೊಲಿಸಿಕೊಂಡವರೆಲ್ಲರಿಗೂ ಇಂತಹ ಫಲವು ದೊರೆಯುವುದಿಲ್ಲ. ಅದರ ಕಾರಣವನ್ನು ಮುಂದೆ ಹೇಳಲಾಗುವುದು.

ಈಗಿನ ಪದ್ಧತಿಯಲ್ಲಿ ಮಗುವಿನ ತುಟಿಯನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ವಯಸ್ಸಿನಲ್ಲಿಯೂ, ಅಂಗುಳವನ್ನು ಮಾತು ಹುಟ್ಟುವ ಕಾಲಕ್ಕೆ ಮೊದಲು, ಎಂದರೆ ಒಂದು ವರ್ಷದ ಆಸುಪಾಸಿನಲ್ಲಿಯೂ ಸರಿಪಡಿಸುವರು. ಸೀಳಿದ ಅಂಗುಳದಲ್ಲಿ ಅದನ್ನು ಎತ್ತುವ ಮಾಂಸಖಂಡಗಳು ಅಡ್ಡಲಾಗಿ ಕೂಡಿಕೊಳ್ಳದೆ ಎಲುಬಿನ ಅಂಚಿಗೆ ನೀಳವಾಗಿ ಅಂಟಿಕೊಂಡಿರುವುವು. ಅವನ್ನು ಬಿಡಿಸಿ, ತಿರುಗಿಸಿ, ನಡುವೆ ಕೂಡಿಸಿ ತೊಟ್ಟಿಲ ಬಟ್ಟೆಯಂತೆ ಎತ್ತುವ ಶಕ್ತಿಯನ್ನು ಕೊಡುವುದೇ ಶಸ್ತ್ರವೈದ್ಯನ ನೈಪುಣ್ಯ. ಬರಿಯ ತೂತನ್ನು ಮುಚ್ಚಿದರೆ ಸಾಲದು.

ಯಾವ ವಯಸ್ಸು ಉತ್ತಮವೆಂಬುದರ ಬಗೆಗೆ ೨೦೨೩ರಲ್ಲಿ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶವು ಪ್ರಕಟವಾಯಿತು. ಯೂರೋಪು ಮತ್ತು ದಕ್ಷಿಣ ಅಮೆರಿಕೆಗಳಲ್ಲಿ, ಅಂಗುಳ ಮಾತ್ರ ಸೀಳಿದ್ದು ಉಳಿದಂತೆ ಆರೋಗ್ಯವಾಗಿದ್ದ ೫೫೮ ಶಿಶುಗಳಲ್ಲಿ ಕೆಲವಕ್ಕೆ ಆರು ತಿಂಗಳಿಗೂ ಕೆಲವಕ್ಕೆ ಹನ್ನೆರಡು ತಿಂಗಳಿಗೂ ಶಸ್ತ್ರಚಿಕಿತ್ಸೆಯನ್ನು ಮಾಡಿ, ಐದು ವರ್ಷವಾದಾಗ ಅವರ ಮಾತನ್ನು ಪರೀಕ್ಷಿಸಿದರು. ಬಾಗಿಲು ಸಾಲದಷ್ಟು ಮುಚ್ಚಿದವರು ಮೊದಲನೆಯ ಗುಂಪಿನಲ್ಲಿ ನೂರಕ್ಕೆ ೮.೯, ಎರಡನೆಯದರಲ್ಲಿ ನೂರಕ್ಕೆ ೧೫. ಇದರಿಂದ ಎರಡು ವಿಷಯಗಳು ವಿಶದವಾಗುವುವು. ಅರಿವಳಿಕೆಯನ್ನು ಸುರಕ್ಷಿತವಾಗಿ ಕೊಡಬಲ್ಲ ಅನುಕೂಲವುಳ್ಳ ಕಡೆ ತಡಮಾಡದಿರುವುದು ಲೇಸು, ಇದು ಮೊದಲನೆಯದು. ಎಷ್ಟೇ ಚೆನ್ನಾಗಿ ಮಾಡಿದರೂ ಕೆಲವು ಮಕ್ಕಳಲ್ಲಿ ಮೂಗುಮಾತು ಉಳಿದೇ ಉಳಿಯುವುದು, ಇದು ಎರಡನೆಯದು. ಸೀಳಿನ ಬಗೆ, ವಯಸ್ಸು, ಚಿಕಿತ್ಸೆಯ ಸ್ಥಳಗಳನ್ನು ಅನುಸರಿಸಿ ಈ ಸಂಖ್ಯೆಯು ಬೇರೆಯಾಗುವುದು. ನೂರಕ್ಕೆ ಇಪ್ಪತ್ತು ಮೂವತ್ತರವರೆಗೂ ಹೋಗುವುದುಂಟು.

ಅಂತಹವರಿಗೆ ಎರಡನೆಯ ಶಸ್ತ್ರಚಿಕಿತ್ಸೆಯುಂಟು. ಕೆಲವೆಡೆ ಅಂಗುಳವನ್ನೇ ಮತ್ತೆ ಬಿಡಿಸಿ ನೀಳಗೊಳಿಸಿ ಹೊಲಿಯುವರು. ಕೆಲವೆಡೆ ಗಂಟಲ ಹಿಂಗೋಡೆಯಿಂದ ಒಂದು ಪಟ್ಟಿಯನ್ನು ಎತ್ತಿ ಅಂಗುಳಕ್ಕೆ ಸೇರಿಸಿ, ಎರಡು ಪಕ್ಕಗಳಲ್ಲಿ ಮಾತ್ರ ಕಿಂಡಿಗಳನ್ನು ಉಳಿಸುವರು. ಮತ್ತೆ ಕೆಲವೆಡೆ ಪಕ್ಕದ ಗೋಡೆಗಳಿಂದ ಎರಡು ಪಟ್ಟಿಗಳನ್ನು ತಂದು ದ್ವಾರವನ್ನು ಕಿರಿದಾಗಿಸುವರು. ಈ ಕೊನೆಯ ಎರಡು ವಿಧಾನಗಳನ್ನು ೯೭ ಮಂದಿ ರೋಗಿಗಳಲ್ಲಿ ಹೋಲಿಸಿ ನೋಡಿದ ಪರೀಕ್ಷೆಯೊಂದು ೨೦೦೫ರಲ್ಲಿ ಪ್ರಕಟವಾಯಿತು. ಒಂದು ವರ್ಷದ ತರುವಾಯ ಎರಡರ ಫಲವೂ ಸರಿಸಮವೆಂದು ಕಂಡುಬಂದಿತು. ದ್ವಾರವನ್ನು ಅತಿಯಾಗಿ ಮುಚ್ಚಿದರೆ ಗೊರಕೆ, ನಿದ್ರೆಯಲ್ಲಿ ಉಸಿರು ತಡೆಯುವುದು, ಬಾಯಿಂದ ಉಸಿರಾಡುವುದು ಮೊದಲಾದ ತೊಂದರೆಗಳು ತಲೆದೋರಬಹುದು. ಆದಕಾರಣ ಮೂಗಿನೊಳಗೆ ಸಣ್ಣ ದರ್ಶಕ ನಳಿಕೆಯನ್ನಿಳಿಸಿಯೋ, ಮಾತನಾಡುವಾಗಲೇ ಎಕ್ಸ್-ರೇ ಚಿತ್ರವನ್ನು ತೆಗೆದೋ, ಬಾಗಿಲು ಎಲ್ಲಿ ಎಷ್ಟು ತೆರೆದಿದೆಯೆಂಬುದನ್ನು ಕಂಡ ಮೇಲೆಯೇ ವಿಧಾನವನ್ನು ಗೊತ್ತುಮಾಡುವರು. ಶಸ್ತ್ರಚಿಕಿತ್ಸೆಯು ಯಾವ ಕಾರಣದಿಂದಲಾದರೂ ಒಲ್ಲದವರಿಗೆ ದಂತವೈದ್ಯರು ಅಂಗುಳಕ್ಕೆ ತೊಡಿಸುವ ಉಪಕರಣವನ್ನು ಮಾಡಿಕೊಡುವರು.

ಇಷ್ಟಾದರೂ ಮುಖ್ಯವಾದ ಪ್ರಶ್ನೆಯು ಉಳಿದೇ ಇರುವುದು. ಬಾಗಿಲು ಮುಚ್ಚಿತು, ಮಾತು ಬಂದಿತೇ? ಮೂಗಿನ ದನಿಯು ಮಟ್ಟಿಗೆ ಕಡಿಮೆಯಾಗುವುದು ನಿಜ. ಆದರೆ ಬಾಗಿಲು ತೆರೆದಿದ್ದ ಕಾಲದಲ್ಲಿ ಮಗುವು ಸುಮ್ಮನೆ ಕುಳಿತಿರುವುದಿಲ್ಲ. ಬಾಯಲ್ಲಿ ಒತ್ತಡವು ನಿಲ್ಲದುದರಿಂದ ಪ, ತ, ಕ ಎಂಬ ಅಕ್ಷರಗಳ ಬದಲಾಗಿ ಗಂಟಲಾಳದಲ್ಲಿ ಉಸಿರನ್ನು ಫಕ್ಕನೆ ತಡೆದು ಬಿಡುವ ಒಂದು ಶಬ್ದವನ್ನು ರೂಢಿಸಿಕೊಳ್ಳುವುದು. ಸ, ಶ ಎಂಬುವನ್ನು ಗಂಟಲಲ್ಲೋ ಮೂಗಿನಲ್ಲೋ ಉಜ್ಜಿ ಹೊರಡಿಸುವುದು. ಇದು ಆ ಕೂಸಿನ ಜಾಣತನವೇ ಹೊರತು ತಪ್ಪಲ್ಲ. ಆದರೆ ಒಮ್ಮೆ ರೂಢಿಯಾದ ಮೇಲೆ ಆ ಅಭ್ಯಾಸವು ನಾಲಗೆಯಲ್ಲಿ, ಗಂಟಲಲ್ಲಿ, ಮನಸ್ಸಿನಲ್ಲಿ ಬೇರುಬಿಡುವುದು. ಯಾವ ಶಸ್ತ್ರವೂ ಅಭ್ಯಾಸವನ್ನು ಕತ್ತರಿಸಲಾರದು. ವಯಸ್ಸು ಹೆಚ್ಚಿದಷ್ಟೂ ಅದು ಗಟ್ಟಿಯಾಗುವುದರಿಂದಲೇ ದೊಡ್ಡವರಾದ ಮೇಲೆ ಚಿಕಿತ್ಸೆಯನ್ನು ಪಡೆದವರ ಮಾತು ತಾನಾಗಿ ತಿದ್ದುಪಾಟಾಗುವುದು ಅಪೂರ್ವ.

ಎಷ್ಟೋ ಮನೆಗಳಲ್ಲಿ ನಿರಾಶೆಯು ಹುಟ್ಟುವುದು ಇಲ್ಲಿಯೇ. ಕನಕಪುರದ ಕಡೆಯಿಂದಲೋ ಆನೇಕಲ್ಲಿನ ಕಡೆಯಿಂದಲೋ ಬೆಂಗಳೂರಿಗೆ ಬಂದ ಕುಟುಂಬವೊಂದನ್ನು ಊಹಿಸಿಕೊಳ್ಳಬಹುದು. ಸಾಲಸೋಲ ಮಾಡಿಯೋ ಧರ್ಮಾರ್ಥವಾಗಿಯೋ ಮಗುವಿನ ಅಂಗುಳವನ್ನು ಹೊಲಿಸಿ, ಗಾಯ ಮಾಯ್ದ ಮೇಲೆ ಊರಿಗೆ ಹಿಂದಿರುಗುವರು. ಎಲ್ಲವೂ ಮುಗಿಯಿತೆಂದು ಬಂಧುಗಳು ಹರಸುವರು. ತಿಂಗಳು ಕಳೆದರೂ ಮಾತು ಹಾಗೆಯೇ ಇರಲು, ಶಸ್ತ್ರವೈದ್ಯನನ್ನೋ ಹಣೆಬರಹವನ್ನೋ ದೂರುವರು. ಮಗುವನ್ನು ಪಾಠಶಾಲೆಯ ಹಿಂದಿನ ಸಾಲಿನಲ್ಲಿ ಕೂರಿಸುವರು. ಅರ್ಧ ಕೆಲಸವು ಮುಗಿದಿದ್ದಿತು, ಅರ್ಧವು ಉಳಿದಿದ್ದಿತು ಎಂಬುದನ್ನು ಅವರಿಗೆ ಯಾರೂ ಮನಮುಟ್ಟುವಂತೆ ತಿಳಿಸಿರಲಿಲ್ಲ.

ಆ ಉಳಿದ ಅರ್ಧವೇ ವಾಕ್‌ಚಿಕಿತ್ಸೆ. ಗಾಯವು ಮಾಗಿದ ಕೆಲವು ವಾರಗಳ ತರುವಾಯ ಅದನ್ನು ಮೊದಲುಮಾಡುವರು. ಎರಡನೆಯ ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ಬಾವಿನಿಂದ ಮೂಗು ಕಟ್ಟಿಕೊಂಡಂತಿರುವುದರಿಂದ ನಿಜವಾದ ಫಲವನ್ನು ಅಳೆಯಲು ಹಲವು ತಿಂಗಳುಗಳು ಬೇಕಾಗುವುವು. ಚಿಕಿತ್ಸಕರು ಮೊದಲು ಮಗುವಿನ ಕಿವಿಗೆ ಸರಿಯಾದ ಅಕ್ಷರಕ್ಕೂ ತಪ್ಪಿದ ಅಕ್ಷರಕ್ಕೂ ಇರುವ ಭೇದವನ್ನು ಕಲಿಸುವರು. ಅನಂತರ ಹಕಾರದ ಮೆಲ್ಲನೆಯ ಉಸಿರಿನಿಂದ ತೊಡಗಿ, ಗಂಟಲನ್ನು ಬಿಗಿಯದೆ ತುಟಿಗಳನ್ನು ಮುಚ್ಚಿ ತೆರೆಯಿಸಿ ಪಕಾರವನ್ನು ಬರಿಸುವರು. ಬಳಿಕ ಪದ, ವಾಕ್ಯ, ಮನೆಮಾತು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸುವರು. ಮೂಗಿನ ಕೆಳಗೆ ಹಿಡಿದ ಪುಟ್ಟ ಕನ್ನಡಿಯು ಮಸುಕಾಗುವುದೋ ಇಲ್ಲವೋ ಎಂಬುದನ್ನು ನೋಡಿ ಉಸಿರಿನ ಸೋರಿಕೆಯನ್ನು ತಿಳಿಯುವರು. ಮೂಗಿನಿಂದ ಹೊರಡುವ ಧ್ವನಿಯ ಪ್ರಮಾಣವನ್ನು ಅಳೆಯುವ ಯಂತ್ರವೂ ಉಂಟು. ಅದಕ್ಕೆ 'ಕಾಗೆಯ ಕಾಲು ಕಪ್ಪು' ಎಂಬಂತೆ ಅನುನಾಸಿಕವೇ ಇಲ್ಲದ ವಾಕ್ಯಗಳನ್ನು ಹೇಳಿಸುವರು. ಆದರೂ ಅನುಭವವುಳ್ಳವರ ಕಿವಿಯೇ ಪ್ರಧಾನವಾದ ಪ್ರಮಾಣ. ಅಪರಿಚಿತನೊಬ್ಬನು ಮಗುವಿನ ಮಾತನ್ನು ಮರುಕೇಳದೆ ಗ್ರಹಿಸಿದನೇ ಎಂಬುದೇ ಕಟ್ಟಕಡೆಯ ಪರೀಕ್ಷೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಪುಗ್ಗೆ ಊದಿಸಿದರೆ, ಪೀಪಿ ಊದಿಸಿದರೆ, ಶಂಖ ಊದಿಸಿದರೆ ಅಂಗುಳವು ಬಲಿತು ಮೂಗುಮಾತು ಹೋಗುವುದೆಂದು ಹಲವರು ನಂಬಿರುವರು. ಊದುವಾಗ ಅಂಗುಳವು ಮುಚ್ಚುವ ರೀತಿಯೇ ಬೇರೆ, ನುಡಿಯುವಾಗ ಮುಚ್ಚುವ ರೀತಿಯೇ ಬೇರೆಯಾದುದರಿಂದ ಇಂತಹ ಅಭ್ಯಾಸಗಳಿಂದ ಮಾತು ತಿದ್ದುವುದಿಲ್ಲವೆಂಬುದು ಈಗ ಸ್ಥಿರಪಟ್ಟಿರುವುದು. ನುಡಿಯನ್ನು ನುಡಿಯಿಂದಲೇ ಕಲಿಯಬೇಕು. ಹಾಗೆಯೇ, ಬಾಗಿಲು ನಿಜವಾಗಿಯೂ ಗಿಡ್ಡವಾಗಿರುವ ಮಗುವಿಗೆ ವರ್ಷಗಟ್ಟಲೆ ಬರಿಯ ಅಭ್ಯಾಸವನ್ನು ಮಾಡಿಸಿದರೂ ಫಲವಿಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು. ಯಾರಿಗೆ ಯಾವುದೆಂಬುದನ್ನು ಶಸ್ತ್ರವೈದ್ಯನೂ ವಾಕ್‌ಚಿಕಿತ್ಸಕನೂ ಒಟ್ಟಿಗೆ ಕುಳಿತು ನಿಶ್ಚಯಿಸುವ ಕಡೆಗಳಲ್ಲಿ ಫಲವು ಉತ್ತಮವಾಗಿರುವುದು. ಸೀಳು ಅಂಗುಳದ ಮಕ್ಕಳಲ್ಲಿ ನಡುಗಿವಿಯೊಳಗೆ ನೀರು ತುಂಬಿ ಕಿವಿ ಮಂದವಾಗುವುದು ಸಾಮಾನ್ಯವಾದುದರಿಂದ ಕಿವಿಯ ಪರೀಕ್ಷೆಯನ್ನೂ ಮರೆಯತಕ್ಕದ್ದಲ್ಲ. ಕೇಳದ ಅಕ್ಷರವನ್ನು ಕಲಿಯುವುದು ಹೇಗೆ?

ಕನ್ನಡನಾಡು ಈ ವಿದ್ಯೆಯಲ್ಲಿ ಹಿಂದುಳಿದುದಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ೧೯೬೫ರಲ್ಲಿ ಸ್ಥಾಪನೆಯಾಯಿತು. ಬಾಯಿ ಮುಖಗಳ ರಚನಾದೋಷವುಳ್ಳವರ ಮಾತಿಗಾಗಿಯೇ ಅಲ್ಲಿ ಪ್ರತ್ಯೇಕ ಘಟಕವಿರುವುದು. ಭಕ್ತಸಮೂಹಕ್ಕೆ ಹೆಮ್ಮೆಯನ್ನುಂಟುಮಾಡುವ ಮತ್ತೊಂದು ಸಂಗತಿಯುಂಟು. ಸುತ್ತೂರು ಶ್ರೀಮಠದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ೧೯೫೪ರಲ್ಲಿ ಸ್ಥಾಪಿಸಿದ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠದ ಆಶ್ರಯದಲ್ಲಿ ೧೯೮೬ರಲ್ಲಿ ಮೈಸೂರಿನಲ್ಲಿ ವಾಕ್ ಮತ್ತು ಶ್ರವಣ ಸಂಸ್ಥೆಯೊಂದು ಆರಂಭವಾಯಿತು. ಅನ್ನದಾಸೋಹ ಜ್ಞಾನದಾಸೋಹಗಳ ಜತೆಗೆ ವಾಗ್ದಾಸೋಹವೂ ಮಠದ ಕಾರ್ಯವೆಂಬುದಕ್ಕೆ ಇದು ಸಾಕ್ಷಿ.

ದಕ್ಷಿಣ ಬೆಂಗಳೂರಿನ ನಿವಾಸಿಗಳಿಗಾದರೋ ಅನುಕೂಲಗಳು ಸಮೀಪದಲ್ಲಿಯೇ ಇರುವುವು. ಜಯನಗರಕ್ಕೆ ಹತ್ತಿರವಾಗಿ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯಲ್ಲಿ ವಾಕ್ ಮತ್ತು ಶ್ರವಣ ವಿಭಾಗವುಂಟು. ಜೆ.ಪಿ. ನಗರದಲ್ಲಿ ಆರ್.ವಿ. ದಂತವೈದ್ಯ ಮಹಾವಿದ್ಯಾಲಯವುಂಟು. ಭಾರತ ಸರಕಾರವು ೨೦೧೩ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿ ಸೀಳು ಅಂಗುಳಗಳೂ ಸೇರಿರುವುದರಿಂದ, ಅಂಗನವಾಡಿ ಮತ್ತು ಸರಕಾರೀ ಪಾಠಶಾಲೆಗಳ ಮಕ್ಕಳು ಅದರ ಮೂಲಕ ತಪಾಸಣೆಯನ್ನೂ ಚಿಕಿತ್ಸೆಯ ದಾರಿಯನ್ನೂ ಪಡೆಯಬಹುದು. ಕೊರತೆಯಿರುವುದು ಮುಖ್ಯವಾಗಿ ಒಂದರಲ್ಲಿ: ವಾರವಾರವೂ ಮಗುವನ್ನು ಕರೆದೊಯ್ಯುವ ಜನದಲ್ಲಿ, ದಿನದಿನವೂ ಮನೆಯಲ್ಲಿ ಅಭ್ಯಾಸವನ್ನು ಮಾಡಿಸುವ ತಾಳ್ಮೆಯಲ್ಲಿ. ದಿನಗೂಲಿಯ ತಂದೆಯು ಶಸ್ತ್ರಚಿಕಿತ್ಸೆಗೆಂದು ಒಂದು ವಾರ ಕೂಲಿಯನ್ನು ಬಿಟ್ಟಾನು. ವರ್ಷದುದ್ದಕ್ಕೂ ಬಿಡಲು ಅವನಿಗೆ ಸಾಧ್ಯವೇ?

ಈ ಎಡೆಯಲ್ಲಿಯೇ ಶ್ರೀಮಠದ ಸದ್ಭಕ್ತರು ಕೈಗೂಡಿಸಬಹುದು. ದೂರದಿಂದ ಬರುವ ತಾಯಿಮಕ್ಕಳಿಗೆ ಚಿಕಿತ್ಸೆಯ ದಿನಗಳಲ್ಲಿ ಇಳಿದುಕೊಳ್ಳಲು ಸ್ಥಳವನ್ನೂ ಪ್ರಸಾದವನ್ನೂ ಒದಗಿಸುವುದು ಒಂದು. ತಂದೆತಾಯಿಗಳಿಗೆ ಬಿಡುವಿಲ್ಲದಾಗ ಮಗುವನ್ನು ಚಿಕಿತ್ಸಕರ ಬಳಿಗೆ ಕರೆದೊಯ್ಯುವುದು ಎರಡು. ಚಿಕಿತ್ಸಕರು ಹೇಳಿಕೊಟ್ಟ ಪಾಠವನ್ನು ದಿನಕ್ಕೆ ಕಾಲುಗಂಟೆಯಂತೆ ನಗುನಗುತ್ತ ಮಾಡಿಸುವುದು ಮೂರು, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಅವಕಾಶವಿರುವ ನಿವೃತ್ತ ಉಪಾಧ್ಯಾಯರು ಎಷ್ಟು ಮಂದಿಯಿಲ್ಲ! ವಚನಪಠನದ ಮೇಳದಲ್ಲಿ ಇಂತಹ ಮಗುವನ್ನು ಹಿಂದಕ್ಕೆ ಸರಿಸದೆ ಒಂದು ಸಾಲನ್ನಾದರೂ ಹೇಳಿಸುವುದು ನಾಲ್ಕು. ತಪ್ಪಿದ ಅಕ್ಷರವನ್ನು ಹತ್ತು ಜನರೆದುರು ಹತ್ತು ಸಲ ತಿದ್ದುವುದರಿಂದ ಕೇಡೇ ಹೆಚ್ಚು. ಹೇಳಿದ ಮಾತಿನ ಅರ್ಥಕ್ಕೆ ಮೊದಲು ಉತ್ತರವನ್ನು ಕೊಟ್ಟು, ಅಕ್ಷರದ ಪಾಠವನ್ನು ಅಭ್ಯಾಸದ ಹೊತ್ತಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಎಲ್ಲ ಪ್ರಯತ್ನಗಳಾದ ಮೇಲೆಯೂ ಕೆಲವರ ದನಿಯಲ್ಲಿ ಮೂಗಿನ ಛಾಯೆಯು ಸ್ವಲ್ಪ ಉಳಿಯುವುದು. ಅದನ್ನು ಸೋಲೆಂದು ಎಣಿಸಲಾಗದು. ಆ ವ್ಯಕ್ತಿಯು ಅಂಗಡಿಯಲ್ಲಿ ಬೇಕಾದುದನ್ನು ಕೇಳಿ ಪಡೆಯಬಲ್ಲನಾದರೆ, ಬಸ್ಸಿನಲ್ಲಿ ಇಳಿಯುವ ಊರನ್ನು ಹೇಳಬಲ್ಲನಾದರೆ, ಸಭೆಯಲ್ಲಿ ಎದ್ದುನಿಂತು ತನ್ನ ಅಭಿಪ್ರಾಯವನ್ನು ತಿಳಿಸಬಲ್ಲನಾದರೆ ಚಿಕಿತ್ಸೆಯು ಫಲಿಸಿತೆಂದೇ ತಿಳಿಯಬೇಕು. ಅಷ್ಟೂ ಕೈಗೂಡದವನಿಗೂ ದೀಕ್ಷೆಗೆ, ಪೂಜೆಗೆ, ಸಮಾಜದ ಮರ್ಯಾದೆಗೆ ಕಿಂಚಿತ್ತೂ ಅಡ್ಡಿಯಿರಲಾಗದು. ಕಲ್ಯಾಣದ ಅನುಭವಮಂಟಪದಲ್ಲಿ ಮಡಿವಾಳನಿಗೂ ಅಂಬಿಗನಿಗೂ ಸ್ಥಾನವಿದ್ದಿತು. ಅಲ್ಲಿ ಆಡುವವರ ಜತೆಗೆ, ಆಡಿದುದನ್ನು ಆದರದಿಂದ ಕೇಳುವವರೂ ಇದ್ದರು.

ಶಸ್ತ್ರವೈದ್ಯನು ಬಾಗಿಲನ್ನು ಕಟ್ಟಿಕೊಡುವನು. ಆ ಬಾಗಿಲನ್ನು ತೆರೆದು ಮುಚ್ಚುವ ವಿದ್ಯೆಯನ್ನು ಮಗುವು ಕಲಿಯಬೇಕು. ಕಲಿಯುವ ಕಾಲವೆಲ್ಲ ಅದರ ಪಕ್ಕದಲ್ಲಿ ಕುಳಿತು ಕೇಳುವ ಕಾಯಕವು ಭಕ್ತರದು. ಈ ಮಹೋತ್ಸವದ ನೆನಪಿಗಾಗಿ ಒಂದೊಂದು ಬಡಾವಣೆಯ ಭಕ್ತರು ಇಂತಹ ಒಂದೊಂದು ಮಗುವಿನ ಹೊಣೆಯನ್ನು ವಹಿಸಿಕೊಂಡರೂ ಶ್ರೀಗುರುವಿಗೆ ಅದಕ್ಕಿಂತ ಮಿಗಿಲಾದ ಕಾಣಿಕೆಯು ಬೇರೊಂದಿರಲಾರದು. 'ನಮಃ' ಎಂದು ನಿಂತುಹೋದ ಮಕ್ಕಳ ನಾಲಗೆಯು 'ಶಿವಾಯ' ಎಂಬಲ್ಲಿಯವರೆಗೆ ಸಾಗಲಿ, ಸರ್ವರಿಗೂ ಸನ್ಮಂಗಳವುಂಟಾಗಲಿ.